ಅರಮನೆ ನೋಡಲು ಹೋದರೆ ನಿಮ್ಮ ವೀಲ್‌ಚೇರ್ ಬಿಟ್ಟು ಏಳಬೇಡಿ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಹಳೆಯ ಅರಮನೆಗೆ ಹೋದಾಗ "ನಿಮ್ಮ ಕುರ್ಚಿ ಇಲ್ಲೇ ಇರಲಿ, ನಮ್ಮದರಲ್ಲಿ ಕೂತ್ಕೊಳ್ಳಿ, ಮೇಲೆ ಕರ್ಕೊಂಡು ಹೋಗ್ತೀವಿ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನಾನು ಒಪ್ಪಿದೆ. ಎರಡು ಗಂಟೆಯ ಆ ಸುತ್ತಾಟಕ್ಕೆ ಐದು ವಾರ ಮಗ್ಗುಲಾಗಿ ಮಲಗಿದ್ದೆ.

ನನ್ನ ಬೆನ್ನುಹುರಿಗೆ ಪೆಟ್ಟಾಗಿ 11 ವರ್ಷ. ಸೊಂಟದಿಂದ ಕೆಳಗೆ ಮುಟ್ಟಿದರೂ ಗೊತ್ತಾಗುವುದಿಲ್ಲ, ನೋವೂ ಇಲ್ಲ. ಓಡಾಡುವುದು ಬ್ಯಾಟರಿ ವೀಲ್‌ಚೇರಿನಲ್ಲಿ. ಅದರ ತೂಕ 125 ಕಿಲೋ, ನನ್ನದು 64. ಈ ಎರಡು ಸಂಖ್ಯೆ ನೆನಪಿಟ್ಟುಕೊಳ್ಳಿ.

ಅರಮನೆಯ ಹೆಸರು ಬರೆಯುವುದಿಲ್ಲ. ಬರೆದರೆ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಸರಿಯಾಗಿದೆ ಅಂದುಕೊಳ್ಳುತ್ತೀರಿ.

ಹೊರಡುವ ಮುಂಚೆ ಫೋನ್ ಮಾಡಿದ್ದೆ. "ವೀಲ್‌ಚೇರ್ ಒಳಗೆ ಬರುತ್ತಾ?" ಅಂತ ಕೇಳಿದೆ. "ಧಾರಾಳವಾಗಿ ಬನ್ನಿ ಮೇಡಂ, ಎಲ್ಲಾ ವ್ಯವಸ್ಥೆ ಇದೆ" ಅಂದರು. ವೆಬ್‌ಸೈಟಿನಲ್ಲೂ ನೀಲಿ ಬಣ್ಣದ ವೀಲ್‌ಚೇರ್ ಚಿಹ್ನೆ ಇತ್ತು. ಅವರು ಸುಳ್ಳು ಹೇಳಲಿಲ್ಲ. ನನ್ನ ಪ್ರಶ್ನೆಯೇ ತಪ್ಪಾಗಿತ್ತು. ಅವರ ಮನಸ್ಸಿನಲ್ಲಿದ್ದ ವೀಲ್‌ಚೇರ್ ಬೇರೆ, ನಾನು ಕೂತಿದ್ದು ಬೇರೆ.

ಮೊದಲ ಅಡ್ಡಿ ಅಂಗಳ. ದುಂಡು ಕಲ್ಲು ಹಾಸಿದ ಅಂಗಳ ಕುದುರೆ ಗಾಡಿಗೆ ಚೆನ್ನ. ವೀಲ್‌ಚೇರಿನ ಮುಂದಿನ ಪುಟ್ಟ ಚಕ್ರಗಳಿಗೆ ಅಲ್ಲ. ತಂಗಿ ಹಿಂದಿನಿಂದ ಹಿಡಿದುಕೊಂಡು ಬಂದಳು. ಹಲ್ಲು ಕಟಕಟ ಅನ್ನುತ್ತಿತ್ತು. ಆಮೇಲೆ ಮುಂಬಾಗಿಲಲ್ಲ, ಪಕ್ಕದ ಬಾಗಿಲು. ಅದಕ್ಕೆ ಬೀಗ. ಬೀಗದ ಕೈ ಇದ್ದವರು ಬರಲು 40 ನಿಮಿಷ.

ಅಲ್ಲಿ ಮೂರು ಮೆಟ್ಟಿಲು. ಒಟ್ಟು ಎತ್ತರ ಒಂದೂವರೆ ಅಡಿ ಇರಬಹುದು. ಆರಡಿ ಉದ್ದದ ಎರಡು ಕಬ್ಬಿಣದ ಹಲಗೆ ತಂದು ಹಾಕಿ, ರ‍್ಯಾಂಪ್ ರೆಡಿ ಅಂದರು. ಲೆಕ್ಕ ನೋಡಿ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬುದು ಎಲ್ಲೆಡೆ ಒಪ್ಪಿಕೊಂಡ ಅಳತೆ. ಇಲ್ಲಿ 18 ಅಡಿ ಬೇಕಿತ್ತು. ಆರಡಿ ಹಲಗೆಯ ಏರು ಸುಮಾರು 14 ಡಿಗ್ರಿ. ನನ್ನ ಕುರ್ಚಿಯ ಮಿತಿ 10. ಅದಕ್ಕಿಂತ ಜಾಸ್ತಿಯಾದರೆ ಹಿಂದಕ್ಕೆ ಮಗುಚಬಹುದು. ಮೂವರು ಹಿಂದಿನಿಂದ ಒತ್ತಿ ಹಿಡಿದ ಮೇಲೆ ಹತ್ತಿದೆ. ಅಲ್ಲೇ ತಿರುಗಿ ಹೋಗಬೇಕಿತ್ತು. ಆದರೆ ಇಷ್ಟು ದೂರ ಬಂದಿದ್ದೀವಿ, ಮೂರು ಜನ ಬೆವರು ಸುರಿಸಿದ್ದಾರೆ, ಹೇಗೆ ಬೇಡ ಅನ್ನುವುದು? ಈ ದಾಕ್ಷಿಣ್ಯವೇ ನನ್ನನ್ನು ಕೆಡಿಸಿದ್ದು.

ಎಷ್ಟೋ ಅರಮನೆಗಳಲ್ಲಿ ನೋಡುವಂಥದ್ದೆಲ್ಲ ಮೇಲಿನ ಮಹಡಿಯಲ್ಲೇ ಇರುತ್ತದೆ. ದರ್ಬಾರು, ಸಿಂಹಾಸನ, ಚಿತ್ರ ಬಿಡಿಸಿದ ಚಾವಣಿ ಎಲ್ಲ ಅಲ್ಲಿ. ಕೆಳಗೆ ಉಗ್ರಾಣ, ಅಡುಗೆಮನೆ, ಕಾವಲಿನವರ ಕೋಣೆ. ಇಲ್ಲೂ ಹಾಗೇ. ಮೆಟ್ಟಿಲ ಪಕ್ಕದ ಕಂಬಿಯ ಮೇಲೆ ಜಾರುವ ಒಂದು ಲಿಫ್ಟ್ ಇತ್ತು, ಮಡಚಿಡುವ ಹಲಗೆಯಂಥದ್ದು. ಅದರ ಮೇಲಿನ ಫಲಕದಲ್ಲಿ 180 ಕಿಲೋ ಎಂದಿತ್ತು. ನಾನು ಮತ್ತು ನನ್ನ ಕುರ್ಚಿ ಸೇರಿ 189. ಆಗಲ್ಲ ಅಂದರು. ಸರಿಯಾಗೇ ಹೇಳಿದರು, ಅದರಲ್ಲಿ ತಕರಾರಿಲ್ಲ. ಆಮೇಲೆ ಒಬ್ಬರು ನನ್ನ ತಲೆಯ ಮೇಲಿಂದ ತಂಗಿಯನ್ನು ಕೇಳಿದರು: "ಇವರು ಒಂದೆರಡು ಹೆಜ್ಜೆ ನಡೀತಾರಾ?" ನಾನೇ ಉತ್ತರ ಕೊಟ್ಟೆ. ಅದಕ್ಕೂ ಅವರು ತಂಗಿಯ ಕಡೆಗೇ ನೋಡಿ ತಲೆಯಾಡಿಸಿದರು!

ಆಗ ಬಂತು ಅವರ ಕುರ್ಚಿ. ಆಸ್ಪತ್ರೆ ಬಾಗಿಲಲ್ಲಿ ಇರುತ್ತದಲ್ಲ, ರೆಕ್ಸಿನ್ ಸೀಟಿನ ಮಡಚುವ ಕುರ್ಚಿ, ಅಂಥದ್ದು. ಒಂದು ಕಡೆ ಕಾಲಿಡುವ ಪಟ್ಟಿಯೇ ಇಲ್ಲ. ನನ್ನ ಗಾಳಿ ತುಂಬಿದ ಕುಶನ್ 18 ಇಂಚು ಅಗಲ, ಅವರ ಸೀಟು 16. ಕೂರಲಿಲ್ಲ. "ಅರ್ಧ ಗಂಟೆ ತಾನೇ" ಅಂದುಕೊಂಡು ಕುಶನ್ ಕೆಳಗೇ ಬಿಟ್ಟೆ.

ಗೊತ್ತಿಲ್ಲದವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ನೀವು ಒಂದೇ ಕಡೆ ಕೂತರೆ ನೋವಾಗುತ್ತದೆ, ನಿಮಗೇ ಅರಿವಿಲ್ಲದೆ ಅಲುಗಾಡುತ್ತೀರಿ. ನನಗೆ ನೋವೇ ತಿಳಿಯುವುದಿಲ್ಲ. ಕೂರುವ ಎಲುಬಿನ ಕೆಳಗೆ ಚರ್ಮ ಒತ್ತಿ ಹಿಡಿದರೆ ಅಲ್ಲಿ ರಕ್ತ ಓಡುವುದಿಲ್ಲ. ಚರ್ಮ ಒಳಗೊಳಗೇ ಸಾಯುತ್ತದೆ. ಅದಕ್ಕೇ ಆ ಕುಶನ್. ಅದಕ್ಕೇ ನನ್ನ ಕುರ್ಚಿ ಒಂದು ಗುಂಡಿ ಒತ್ತಿದರೆ ಹಿಂದಕ್ಕೆ ಬಾಗುತ್ತದೆ. ಅರ್ಧ ಗಂಟೆ ತುಂಬುವ ಮೊದಲೇ ಒಮ್ಮೆ ಬಾಗಿಸಿ ಭಾರ ಸರಿಸಿಕೊಳ್ಳುತ್ತೇನೆ. ಅವರ ಕುರ್ಚಿಯಲ್ಲಿ ಎರಡೂ ಇಲ್ಲ.

ಮೇಲೆ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಚಾವಣಿ ನೋಡಲು ಎಲ್ಲರಿಗಿಂತ ನನಗೇ ಅನುಕೂಲ. ಎಡವಟ್ಟಾದದ್ದು ವಾಪಸ್ ಬರುವಾಗ. ಅಲ್ಲಿ ಜನ ಒಂದೇ ದಿಕ್ಕಿನಲ್ಲಿ ಸಾಗಬೇಕು. ಕೊನೆಯ ಕೋಣೆಯಿಂದ ಹೊರಗೆ ಹೋಗುವುದು ಇನ್ನೊಂದು ಮೆಟ್ಟಿಲಲ್ಲಿ. ಅಲ್ಲಿ ಲಿಫ್ಟ್ ಇಲ್ಲ. ಒಂಬತ್ತು ಕೋಣೆಗಳ ಜನಜಂಗುಳಿಯನ್ನು ಎದುರಿಗೆ ಸೀಳಿಕೊಂಡು ಮತ್ತೆ ಮೊದಲಿನ ಮೆಟ್ಟಿಲಿಗೇ ಬಂದೆವು. ಲಿಫ್ಟಿನ ಬೀಗದ ಕೈ ಇದ್ದವರ ಪಾಳಿ ಮುಗಿದಿತ್ತು. 50 ನಿಮಿಷ ಅಲ್ಲೇ ಮೆಟ್ಟಿಲ ತುದಿಯಲ್ಲಿ ಕೂತೆ. ಕೆಳಗೆ ನನ್ನ ಕುರ್ಚಿ ಕಾಣುತ್ತಿತ್ತು. ಯಾರೋ ಅದರ ಜಾಯ್‌ಸ್ಟಿಕ್ಕಿಗೆ ಚೀಲ ನೇತುಹಾಕಿದ್ದರು.

ಕಾಯುವಾಗ ಅಲ್ಲಿದ್ದ ಒಬ್ಬರನ್ನು ಕೇಳಿದೆ: ಈಗ ಬೆಂಕಿ ಬಿದ್ದರೆ? ಸುಮ್ನೆ ನಕ್ಕರು. ತಮಾಷೆಯ ಪ್ರಶ್ನೆ ಅಲ್ಲ ಅದು. ಬೆಂಕಿಯ ವೇಳೆ ಇಂಥ ಲಿಫ್ಟ್ ಬಳಸುವ ಹಾಗಿಲ್ಲ. ಮೆಟ್ಟಿಲ ಮೇಲೆ ಜಾರಿಸಿ ಇಳಿಸುವ ಬೇರೆ ಕುರ್ಚಿ ಬೇಕು, ಅದನ್ನು ನಡೆಸಲು ಕಲಿತವರೂ ಬೇಕು. ಕೆಲವು ಕಡೆ ಮೇಲಿನ ಮಹಡಿಗೆ ಒಂದು ಹೊತ್ತಿಗೆ ಇಷ್ಟೇ ವೀಲ್‌ಚೇರ್ ಅಂತ ಮಿತಿ ಇಡುವುದು ಇದೇ ಕಾರಣಕ್ಕೆ. ಆ ಮಿತಿ ಕೇಳಿ ಹಿಂದೆ ನಾನು ಸಿಟ್ಟಾಗುತ್ತಿದ್ದೆ. ಈಗ ಅಂಥ ಜಾಗವನ್ನೇ ಜಾಸ್ತಿ ನಂಬುತ್ತೇನೆ.

"ಹಳೇ ಕಟ್ಟಡ ಮೇಡಂ, ಒಂದು ಮೊಳೆ ಹೊಡೆಯೋ ಹಾಗಿಲ್ಲ" ಎಂದರು ಅವರು. ಗೋಡೆ ತುಂಬ ಕ್ಯಾಮೆರಾ, ವಿದ್ಯುತ್ ದೀಪ ಇದ್ದವು. ಅದಿರಲಿ. ರಾಜರಿಗೇನು ಕಾಲು ಸೋಲುತ್ತಿರಲಿಲ್ಲವಾ? ಇಂಗ್ಲೆಂಡಿನ ಎಂಟನೇ ಹೆನ್ರಿಯನ್ನು ಕೊನೆಯ ವರ್ಷಗಳಲ್ಲಿ ಅರಮನೆಯೊಳಗೆ ಕುರ್ಚಿಯಲ್ಲೇ ಹೊತ್ತು ತಿರುಗುತ್ತಿದ್ದರು. ಸ್ಪೇನಿನ ಎರಡನೇ ಫಿಲಿಪ್‌ಗೆ ಸಂಧಿವಾತ. ಅವನಿಗಾಗಿ ಬೆನ್ನು ಹಿಂದಕ್ಕೆ ಬಾಗುವ, ಕಾಲು ಚಾಚುವ ಚಕ್ರದ ಕುರ್ಚಿ ಮಾಡಿಸಿದ್ದರು, ಅದೂ 1590ರ ದಶಕದಲ್ಲಿ. ಅವನ ಕುರ್ಚಿ ಬಾಗುತ್ತಿತ್ತು ನೋಡಿ, ನನಗೆ ಕೊಟ್ಟದ್ದು ಬಾಗಲಿಲ್ಲ. ವರ್ಸೇಲ್ಸ್ ಅರಮನೆಯಲ್ಲಿ 1743ರಲ್ಲೇ ಹದಿನೈದನೇ ಲೂಯಿ ತನ್ನ ಪ್ರೇಯಸಿಗಾಗಿ ಹಗ್ಗ ಎಳೆದು ಮೇಲೇರುವ ಕುರ್ಚಿ ಹಾಕಿಸಿದ್ದ. ಮನಸ್ಸಿದ್ದರೆ ಅರಮನೆಯಲ್ಲಿ ಲಿಫ್ಟೂ ಬರುತ್ತದೆ ಅಂತಾಯಿತು.

ರಾತ್ರಿ ಬಟ್ಟೆ ಬದಲಿಸುವಾಗ ತಂಗಿ ಕಂಡಳು, ಎಡಗಡೆ ಹಿಂಬದಿಯಲ್ಲಿ ರೂಪಾಯಿ ಅಗಲದ ಕೆಂಪು. ಬೆರಳಿಂದ ಒತ್ತಿದರೆ ಕೆಂಪು ಬಿಳಿಚಿಕೊಳ್ಳಬೇಕು. ಬಿಳಿಚಿಕೊಳ್ಳಲಿಲ್ಲ. ಮೂರನೇ ದಿನ ಚರ್ಮ ಕಿತ್ತು ಬಂತು. ಬೆಡ್‌ಸೋರ್. ಹೀಗೆ ಒತ್ತಿ ನೋಡಿದಾಗ ಬಿಳಿಚಿಕೊಳ್ಳದಿದ್ದರೆ ಅವತ್ತಿನಿಂದಲೇ ಆ ಕಡೆ ಭಾರ ಹಾಕಬೇಡಿ, ಡಾಕ್ಟರಿಗೆ ತೋರಿಸಿ. ನಾನು "ನೋಡೋಣ" ಅಂತ ಒಂದು ದಿನ ಕಳೆದಿದ್ದಕ್ಕೇ ಇಷ್ಟು ಬೆಳೆಯಿತು.

ಈಗ ಫೋನ್ ಮಾಡಿದರೆ "ವೀಲ್‌ಚೇರ್ ಬರುತ್ತಾ" ಅಂತ ಕೇಳುವುದೇ ಇಲ್ಲ. ಅತಿ ಕಿರಿದಾದ ಬಾಗಿಲು ಎಷ್ಟು ಸೆಂಟಿಮೀಟರ್ ಅಂತ ಕೇಳುತ್ತೇನೆ. ಲಿಫ್ಟಿನ ಫಲಕದ ಫೋಟೋ ಕಳಿಸಿ ಅನ್ನುತ್ತೇನೆ. ಅದರ ಬೀಗದ ಕೈ ಯಾರ ಹತ್ತಿರ, ಎಷ್ಟು ಹೊತ್ತಿನ ತನಕ? ಇಳಿಯುವ ದಾರಿ ಯಾವುದು? ಶೌಚಾಲಯದೊಳಗೆ ಕುರ್ಚಿ ಸುತ್ತು ತಿರುಗಲು ಒಂದೂವರೆ ಮೀಟರ್ ಜಾಗ ಇದೆಯಾ, ಅಥವಾ ಅದರೊಳಗೂ ಪೊರಕೆ ಬಕೆಟ್ ತುಂಬಿದ್ದೀರಾ? ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ. ಒಬ್ಬರು ಟೇಪು ಹಿಡಿದು ಅಳೆದು ಮತ್ತೆ ಫೋನ್ ಮಾಡಿದ್ದರು. ಬಾಗಿಲು ಎರಡು ಸೆಂಟಿಮೀಟರ್ ಸಾಲದು, ಬರಬೇಡಿ ಅಂದರು. ಅಷ್ಟು ಒಳ್ಳೆಯ ಉತ್ತರ ನನಗೆ ಇನ್ಯಾರೂ ಕೊಟ್ಟಿಲ್ಲ.

ಆ ಅರಮನೆಗೂ ಎಲ್ಲ ವಿವರವಾಗಿ ಬರೆದೆ. ಕ್ಷಮೆ ಕೇಳಿ ಉತ್ತರ ಬಂತು, ಜೊತೆಗೆ ಇಬ್ಬರಿಗೆ ಉಚಿತ ಪ್ರವೇಶ. ಅದು ಮೇಲಿನ ಮಹಡಿಗೆ.