ಉಚಿತ ಬಿಡುಗಡೆಯ ಹೆಸರಿನಲ್ಲಿ ಮಕ್ಕಳ ಹಾಡು ಕೈತಪ್ಪುತ್ತಿದೆ: ಸಹಿಗೆ ಮುನ್ನ ದಯವಿಟ್ಟು ಓದಿ

ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಸ್ವಂತ ಹಾಡು ಕಟ್ಟಿ, ಮನೆಯಲ್ಲೇ ಧ್ವನಿಮುದ್ರಿಸಿ, ಯೂಟ್ಯೂಬಿಗೂ ಇನ್‌ಸ್ಟಾಗ್ರಾಂಗೂ ಹಾಕುವ ಹದಿಹರೆಯದ ಮಕ್ಕಳು ಈಗ ಊರಿಗೊಬ್ಬರಾದರೂ ಸಿಗುತ್ತಾರೆ. ಹಾಡು ಸ್ವಲ್ಪ ಓಡಾಡಿತೆಂದರೆ ಸಾಕು, "ನಾವು ಬಿಡುಗಡೆ ಮಾಡಿಸಿಕೊಡುತ್ತೇವೆ" ಎಂಬ ಕರೆ ಬರುತ್ತದೆ. ಅಂಥ ಒಂದು ಕರೆಯಿಂದ ನನ್ನ ತಮ್ಮನಿಗೆ ಆದ ನಷ್ಟವನ್ನು ಇತರ ಮನೆಯವರು ತಿಳಿದಿರಲೆಂದು ಬರೆಯುತ್ತಿದ್ದೇನೆ. ವಿಷಯ ಇನ್ನೂ ವಕೀಲರ ಕೈಯಲ್ಲಿರುವುದರಿಂದ ಸಂಸ್ಥೆಯ ಹೆಸರನ್ನು ಹೇಳುವುದಿಲ್ಲ. ಇದೇ ಧಾಟಿಯ ಕರಾರುಗಳನ್ನು ಬೇರೆಯವರ ಕೈಯಲ್ಲಿಯೂ ಆಮೇಲೆ ನೋಡಿದ್ದೇನೆ, ಆದ್ದರಿಂದ ಹೆಸರಿಗಿಂತ ಅವರ ಕ್ರಮವನ್ನು ತಿಳಿಯುವುದೇ ಹೆಚ್ಚು ಉಪಯುಕ್ತ.

ತಮ್ಮನಿಗೆ ಆಗ 16 ವರ್ಷ. ಬದಿಯಡ್ಕದ ಕಡೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿ ಪ್ಲಸ್ ವನ್ ಸೇರಿದ್ದ. ಅವನ ಹತ್ತಿರ ಇದ್ದದ್ದು ಒಂದು ಗಿಟಾರ್, ಒಂದು ಮೈಕ್, ಅದನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಸಣ್ಣ ಆಡಿಯೋ ಇಂಟರ್‌ಫೇಸ್, ಅಷ್ಟೇ. ಹಂಚಿನ ಮಾಡಿನ ಮೇಲೆ ಮಳೆ ಬಿದ್ದರೆ ಮೈಕಿಗೆ ಆ ಸದ್ದೇ ಮೊದಲು ಕೇಳುತ್ತದೆಂದು, ಮಳೆ ಬಿಟ್ಟ ಹೊತ್ತು ನೋಡಿ, ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಒಂದೊಂದು ಸಾಲನ್ನು ಹಲವು ಸಲ ಹಾಡಿ ಮುದ್ರಿಸುತ್ತಿದ್ದ. ಕೊಳೆರೋಗ ಬಾರದಂತೆ ಅಡಿಕೆ ಮರವೇರಿ ಬೋರ್ಡೋ ಮದ್ದು ಬಿಡುವವರ ಕುರಿತು ಅವನು ಬರೆದ ಹಾಡಿನ ಚರಣಗಳು ಕನ್ನಡದಲ್ಲಿದ್ದವು, ಪಲ್ಲವಿ ತುಳುವಿನಲ್ಲಿತ್ತು. ಅದು ಪುತ್ತೂರು, ಸುಳ್ಯ ದಾಟಿ ದುಬೈ, ಶಾರ್ಜಾಗಳಲ್ಲಿರುವ ನಮ್ಮೂರಿನವರ ಫೋನುಗಳಿಗೂ ಹೋಯಿತು. ಸಾಹಿತ್ಯ, ರಾಗ, ಧ್ವನಿಮುದ್ರಣ ಮೂರೂ ಅವನದೇ ಆಗಿದ್ದವು. ಬೇರೆ ಯಾರೂ ಅದಕ್ಕೆ ಒಂದು ರೂಪಾಯಿಯನ್ನೂ ಹಾಕಿರಲಿಲ್ಲ.

ಕರೆ ಮಾಡಿದವರು ಚೆನ್ನಾಗಿ ಕನ್ನಡ ಮಾತನಾಡಿದರು. ತಮ್ಮನನ್ನು "ಬ್ರೋ" ಎಂದೂ ಅಪ್ಪನನ್ನು "ಸರ್" ಎಂದೂ ಕರೆದರು. ಬಿಡುಗಡೆ ಉಚಿತ, ಎಲ್ಲ ಆ್ಯಪ್‌ಗಳಲ್ಲೂ ಹಾಡು ಬರುತ್ತದೆ, ಜನರಿಗೆ ತಲುಪಿಸಲು ಮಾತ್ರ 35,000 ರೂಪಾಯಿಯ ಪ್ರಚಾರದ ಪ್ಯಾಕೇಜ್ ತೆಗೆದುಕೊಳ್ಳಬೇಕು, ಮರುದಿನ ಸಂಜೆಯೊಳಗೆ ಕಾಗದ ಮುಗಿದರೆ ಹಬ್ಬದ ಪಟ್ಟಿಗೆ ಸೇರಿಸುತ್ತೇವೆ ಎಂದರು. ಕರಾರು ಪಿಡಿಎಫ್ ಆಗಿ ಬಂತು, ಪೂರ್ತಿ ಇಂಗ್ಲಿಷಿನಲ್ಲಿತ್ತು. ಸಹಿ ಹಾಕಬೇಕಾದದ್ದೂ ಫೋನಿನಲ್ಲೇ, ಒಂದು ಒಟಿಪಿ ಕೊಟ್ಟು. ಅಪ್ಪ ಕನ್ನಡ ದಿನಪತ್ರಿಕೆಯನ್ನು ಕೊನೆಯ ಪುಟದವರೆಗೆ ಓದುವವರು, ಆದರೆ ವಕೀಲರ ಇಂಗ್ಲಿಷ್ ಅವರಿಗೆ ತಿಳಿಯದು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಹಾಡು ಹುಡುಗನ ಹೆಸರಿನಲ್ಲೇ ಇರುತ್ತದಲ್ಲ?" ಅದಕ್ಕೆ ಬಂದ ಉತ್ತರ: "ಖಂಡಿತ ಸರ್, ಆರ್ಟಿಸ್ಟ್ ಹೆಸರು ಅವನದೇ ಬರುತ್ತದೆ." ಉತ್ತರ ಸುಳ್ಳಾಗಿರಲಿಲ್ಲ. ಹಾಡು ಬಿಡುಗಡೆಯಾದಾಗ ತಮ್ಮನ ಹೆಸರು ದೊಡ್ಡದಾಗಿಯೇ ಇತ್ತು. ಹಾಡಿನ ಒಡೆತನ ಮಾತ್ರ ಸಂಸ್ಥೆಯದಾಗಿತ್ತು, ಮತ್ತು ಈ ವ್ಯತ್ಯಾಸವನ್ನು ಕೇಳುವವರು ಗುರುತಿಸಲಾರರೆಂದು ತಿಳಿದೇ ಅವರು ಹಾಗೆ ಉತ್ತರಿಸಿದ್ದರು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ನಾನು ಕರಾರನ್ನು ಕೂತು ಓದಿದ್ದು ರಜೆಯಲ್ಲಿ ಮನೆಗೆ ಬಂದಾಗ. ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಈ ಮೂರರ ಹಕ್ಕನ್ನೂ ವಿಶ್ವದಾದ್ಯಂತ ಶಾಶ್ವತವಾಗಿ ಸಂಸ್ಥೆಗೆ ವರ್ಗಾಯಿಸಲಾಗಿದೆ ಎಂದು ಅದರಲ್ಲಿತ್ತು. ಮುಂದೆ ಬರೆಯುವ ಐದು ಹಾಡುಗಳನ್ನು ಮೊದಲು ಅವರಿಗೇ ಕೊಡಬೇಕು, ಖರ್ಚು ಕಳೆದು ಉಳಿದದ್ದರಲ್ಲಿ ಪಾಲು, ಆ ಖರ್ಚು ಎಷ್ಟೆಂದು ಹೇಳುವವರೂ ಅವರೇ. ತಕರಾರು ಬಂದರೆ ಮುಂಬೈ ನ್ಯಾಯಾಲಯಕ್ಕೆ ಮಾತ್ರ ಹೋಗಬೇಕು. ಹಣವನ್ನು ನಮ್ಮಿಂದ ಪಡೆದು, ಹಾಡನ್ನೂ ನಮ್ಮಿಂದಲೇ ಪಡೆದಿದ್ದರು.

ಪ್ರಚಾರದ ಕಥೆ ಇನ್ನೂ ಬೇಸರದ್ದು. ಕೆಲವೇ ವಾರಗಳಲ್ಲಿ ಸ್ಪಾಟಿಫೈಯಲ್ಲಿ ಕೇಳುಗರ ಸಂಖ್ಯೆ ಸಾವಿರ ಸಾವಿರವಾಗಿ ಏರಿತೆಂದು ಸ್ಕ್ರೀನ್‌ಶಾಟ್ ಕಳುಹಿಸಿದರು. ಮನೆಯಲ್ಲಿ ಎಲ್ಲರಿಗೂ ಸಂತೋಷವಾಯಿತು, ತಮ್ಮ ಅದನ್ನು ಗೆಳೆಯರಿಗೆ ತೋರಿಸಿದ. ಆ ಚಿತ್ರದಲ್ಲೇ ಕೆಳಗೆ, ಹೆಚ್ಚು ಕೇಳುಗರಿರುವ ನಗರಗಳ ಪಟ್ಟಿ ಇತ್ತು. ಅದರಲ್ಲಿ ಮಂಗಳೂರು ಇರಲಿಲ್ಲ, ಬೆಂಗಳೂರು ಇರಲಿಲ್ಲ, ದುಬೈ ಕೂಡ ಇರಲಿಲ್ಲ. ಕನ್ನಡವನ್ನೂ ತುಳುವನ್ನೂ ಕೇಳಿಯೇ ಇರದ ಯುರೋಪಿನ ನಗರಗಳಿದ್ದವು. ಹಾಡನ್ನು ತಮ್ಮ ಪಟ್ಟಿಗೆ ಉಳಿಸಿಕೊಂಡವರು ಬೆರಳೆಣಿಕೆಯಷ್ಟು ಮಂದಿ. ಅದು ಜನ ಕೇಳಿದ್ದಲ್ಲ, ಯಂತ್ರಗಳಿಂದ ಕೇಳಿಸಿದ್ದು. ಸ್ಪಾಟಿಫೈಯಲ್ಲಿ ಒಂದು ಹಾಡು 30 ಸೆಕೆಂಡು ಓಡಿದರೆ ಅದನ್ನು ಒಂದು ಕೇಳುವಿಕೆಯೆಂದು ಎಣಿಸುತ್ತಾರೆ, ಅಷ್ಟನ್ನು ಮಾತ್ರ ಓಡಿಸಿ ಲೆಕ್ಕ ಏರಿಸುವ ದಂಧೆಯೇ ಇದೆ. ಇಂಥ ಕೃತಕ ಎಣಿಕೆ ಕಂಡುಬಂದರೆ ಅದಕ್ಕೆ ಹಣ ಕೊಡುವುದಿಲ್ಲ, ಹಾಡನ್ನೇ ತೆಗೆದುಹಾಕುವುದೂ ಉಂಟು. ತಮ್ಮನ ಹಾಡಿಗೂ ಹಾಗೆಯೇ ಆಯಿತು. ಕಲಾವಿದನ ಖಾತೆಯ ಪ್ರವೇಶ ಸಂಸ್ಥೆಯವರಲ್ಲೇ ಇದ್ದುದರಿಂದ ನಮಗೆ ಕಾರಣ ತಿಳಿಯಲೂ ತಡವಾಯಿತು. ಮಕ್ಕಳ ಹೆಸರಿಗೆ ಅಂಟುವ ಇಂಥ ಕಳಂಕವನ್ನು ನಾನು ಹಣದ ನಷ್ಟಕ್ಕಿಂತ ದೊಡ್ಡದೆಂದು ತಿಳಿಯುತ್ತೇನೆ.

ಅದಾದ ಮೇಲೆ ಯೂಟ್ಯೂಬಿನಿಂದ ಮಿಂಚಂಚೆ ಬಂತು. ಕರೆ ಬರುವುದಕ್ಕೂ ಎಷ್ಟೋ ಮೊದಲು ಅವನೇ ತನ್ನ ಚಾನೆಲ್ಲಿಗೆ ಹಾಕಿದ್ದ ಅದೇ ಹಾಡಿನ ವಿಡಿಯೋ ಮೇಲೆ ಸಂಸ್ಥೆಯ ಪರವಾಗಿ ಹಕ್ಕಿನ ಕ್ಲೇಮ್ ಬಿದ್ದಿತ್ತು. ಅಲ್ಲಿನ ಕಂಟೆಂಟ್ ಐಡಿ ವ್ಯವಸ್ಥೆಗೆ ಒಬ್ಬರು ಧ್ವನಿಯನ್ನು ಒಪ್ಪಿಸಿದರೆ, ಆ ಧ್ವನಿ ಇರುವ ಹಳೆಯ ವಿಡಿಯೋಗಳನ್ನೂ ಅದು ಹುಡುಕಿ ಹಿಡಿಯುತ್ತದೆ, ಜಾಹೀರಾತಿನ ಹಣವನ್ನು ಕ್ಲೇಮ್ ಮಾಡಿದವರಿಗೆ ತಿರುಗಿಸಲೂ ಬಹುದು. "ಅಕ್ಕಾ, ನಾನೇ ಹಾಡಿದ್ದನ್ನು ನಾನು ಕದ್ದೆ ಎನ್ನುತ್ತಿದ್ದಾರೆ" ಎಂದು ಅವನು ಫೋನಿನಲ್ಲಿ ಹೇಳಿದ. ಕ್ಲೇಮ್ ಬೇರೆ, ಸ್ಟ್ರೈಕ್ (ಹಕ್ಕುದಾರರ ದೂರಿನ ಮೇಲೆ ವಿಡಿಯೋ ತೆಗೆದು ಚಾನೆಲ್ಲಿಗೆ ಕೊಡುವ ಎಚ್ಚರಿಕೆ) ಬೇರೆ ಎಂಬುದನ್ನು ಮಕ್ಕಳಿಗೆ ತಿಳಿಸಿಕೊಡಿ. ಕಂಟೆಂಟ್ ಐಡಿ ಕ್ಲೇಮಿನಿಂದ ಚಾನೆಲ್ಲಿಗೆ ಶಿಕ್ಷೆಯಾಗುವುದಿಲ್ಲ. 90 ದಿನಗಳೊಳಗೆ ಮೂರು ಹಕ್ಕುಸ್ವಾಮ್ಯ ಸ್ಟ್ರೈಕ್ ಬಂದರೆ ಚಾನೆಲ್ಲೇ ಹೋಗಬಹುದು. ಕ್ಲೇಮನ್ನು ಪ್ರಶ್ನಿಸಿದರೆ ಎದುರಿನವರಿಗೆ ಉತ್ತರಿಸಲು 30 ದಿನಗಳಿರುತ್ತವೆ, ಅವರು ಸುಮ್ಮನಿದ್ದರೆ ಕ್ಲೇಮ್ ತಾನಾಗಿ ಬಿಟ್ಟುಹೋಗುತ್ತದೆ. ಪ್ರಶ್ನಿಸುವಾಗ ಮೊದಲ ಮುದ್ರಣದ ದಿನಾಂಕವಿರುವ ಮೂಲ ಫೈಲುಗಳು ನಿಮ್ಮಲ್ಲಿರಬೇಕು. ತಮ್ಮ ತನ್ನ ಪ್ರಾಜೆಕ್ಟ್ ಫೈಲುಗಳನ್ನು ಅಳಿಸಿರಲಿಲ್ಲ, ವಕೀಲರಿಗೆ ಅವು ಬಹಳ ನೆರವಾದವು.

ಕಾನೂನು ನಾವು ಅಂದುಕೊಂಡಷ್ಟು ಕೈಬಿಟ್ಟಿಲ್ಲ ಎಂಬುದು ವಕೀಲರನ್ನು ಕಂಡ ಮೇಲೆ ತಿಳಿಯಿತು. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ 18 ತುಂಬದವರಿಗೆ ಕರಾರು ಮಾಡಿಕೊಳ್ಳುವ ಅರ್ಹತೆಯಿಲ್ಲ. ಅಪ್ಪಂದಿರ ಸಹಿಯನ್ನು ಅಷ್ಟು ಅವಸರದಿಂದ ಕೇಳುವುದು ಅದಕ್ಕಾಗಿಯೇ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಮಿನಂತೆ ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಸಹಿಯಾಗಿರಬೇಕು. ಅದರಲ್ಲಿ ಅವಧಿಯನ್ನು ಹೇಳದಿದ್ದರೆ 5 ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತವೆಂದೂ ತಿಳಿಯಬೇಕು. ಹೀಗಿರುವುದರಿಂದಲೇ ಶಾಶ್ವತ, ವಿಶ್ವದಾದ್ಯಂತ ಎಂಬ ಮಾತುಗಳನ್ನು ಅವರು ತಪ್ಪದೆ ಬರೆಸಿಕೊಳ್ಳುತ್ತಾರೆ. 2012ರ ತಿದ್ದುಪಡಿಯ ಬಳಿಕ ಇನ್ನೊಂದು ರಕ್ಷಣೆ ಸೇರಿದೆ: ಧ್ವನಿಮುದ್ರಣದಲ್ಲಿ ಬಳಸಿದ ಸಾಹಿತ್ಯ ಮತ್ತು ಸಂಗೀತಕ್ಕೆ ಬರುವ ರಾಯಲ್ಟಿಯನ್ನು ಹಕ್ಕು ಪಡೆದವರೊಂದಿಗೆ ಸಮವಾಗಿ ಹಂಚಿಕೊಳ್ಳುವ ಅಧಿಕಾರವನ್ನು ರಚಿಸಿದವರು ಸಂಸ್ಥೆಗೆ ಬಿಟ್ಟುಕೊಡುವಂತಿಲ್ಲ, ಬಿಟ್ಟಿದ್ದೇನೆಂದು ಬರೆದುಕೊಟ್ಟರೂ ಅದು ನಡೆಯುವುದಿಲ್ಲ. ನಮ್ಮ ಕರಾರಿನ ಪಾಲಿನ ಲೆಕ್ಕ ಇದಕ್ಕೆ ನೇರ ವಿರುದ್ಧವಾಗಿತ್ತು.

ಕರೆ ಬಂದ ಮನೆಯವರಿಗೆ ನಾನು ಹೇಳುವುದು ಹೀಗೆ. ಕರಾರನ್ನು ಮುದ್ರಿಸಿ, ಹಕ್ಕನ್ನು ವರ್ಗಾಯಿಸುವುದೋ ಅಥವಾ ಇಷ್ಟು ವರ್ಷಕ್ಕೆಂದು ಬಳಸಲು ಅನುಮತಿ ಕೊಡುವುದೋ ಎಂಬುದೊಂದನ್ನು ಮೊದಲು ಯಾರಿಂದಲಾದರೂ ಓದಿಸಿ ಖಚಿತಪಡಿಸಿಕೊಳ್ಳಿ. ಶಾಲೆಯ ಇಂಗ್ಲಿಷ್ ಟೀಚರ್ ಕೂಡ ಅಷ್ಟನ್ನು ಹೇಳಬಲ್ಲರು. ಬಿಡುಗಡೆಗೆಂದು ಸಂಸ್ಥೆಯೇ ಬೇಕಾಗಿಲ್ಲ. ವರ್ಷಕ್ಕಿಷ್ಟು ಶುಲ್ಕ ಅಥವಾ ಬಂದ ಹಣದಲ್ಲಿ ಇಷ್ಟು ಪಾಲು ಪಡೆದು, ಒಡೆತನವನ್ನು ಮುಟ್ಟದೆ ಹಾಡನ್ನು ಎಲ್ಲ ಆ್ಯಪ್‌ಗಳಿಗೂ ತಲುಪಿಸುವ ಡಿಸ್ಟ್ರಿಬ್ಯೂಟರುಗಳಿದ್ದಾರೆ. ಯೂಟ್ಯೂಬಿನ ಜಾಹೀರಾತು ಹಣಕ್ಕೆ ಬೇಕಾದ ಆಡ್‌ಸೆನ್ಸ್ ಖಾತೆ 18 ತುಂಬದವರ ಹೆಸರಿನಲ್ಲಿ ಆಗುವುದಿಲ್ಲ. ಅದನ್ನು ಅಪ್ಪ ಅಥವಾ ಅಮ್ಮನ ಹೆಸರಿನಲ್ಲಿ ಮಾಡಿ, ಪಾಸ್‌ವರ್ಡ್ ಮನೆಯಲ್ಲೇ ಇರಲಿ. ಕೇಳುಗರ ಸಂಖ್ಯೆಯನ್ನು ಇಷ್ಟಕ್ಕೆ ಏರಿಸುತ್ತೇವೆಂದು ಮೊದಲೇ ಭರವಸೆ ಕೊಡುವವರಿಗೆ ಹಣ ಕೊಡಬೇಡಿ. ನಿಜವಾದ ಪ್ರಚಾರ ಮಾಡುವ ಯಾರೂ ಅಂಥ ಭರವಸೆ ಕೊಡಲಾರರು.

ಈಗಾಗಲೇ ಸಹಿ ಹಾಕಿದವರು ಹೆದರಿ ಕೂರಬೇಕಾಗಿಲ್ಲ. ವಾಟ್ಸಾಪ್ ಸಂದೇಶ, ಹಣ ಕಳುಹಿಸಿದ ರಸೀದಿ, ಪಿಡಿಎಫ್ ಎಲ್ಲವನ್ನೂ ಅಳಿಸದೆ ಇಟ್ಟುಕೊಳ್ಳಿ. ಹೆಂಗಸರಿಗೂ 18ರೊಳಗಿನ ಮಕ್ಕಳಿಗೂ ಆದಾಯವನ್ನು ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ, ಅದಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಬೇಕು. ಕರಾರು ಮುಂಬೈ ಎಂದರೂ, ಹಣ ಕೊಟ್ಟು ಪಡೆದ ಸೇವೆಯ ದೂರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ಸಲ್ಲಿಸಲು ಅವಕಾಶವಿದೆ. ಹಣ ಪಡೆದು ಫೋನನ್ನೇ ಆಫ್ ಮಾಡುವ ಶುದ್ಧ ಮೋಸವಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಬೇಕು.

ವಕೀಲರ ನೋಟಿಸು ಹೋದ ಬಳಿಕ ತಮ್ಮನ ಹಳೆಯ ವಿಡಿಯೋ ಮೇಲಿನ ಕ್ಲೇಮನ್ನು ಸಂಸ್ಥೆ ಹಿಂತೆಗೆದುಕೊಂಡಿದೆ. ಹಾಡಿನ ಹಕ್ಕು ಮತ್ತು 35,000 ರೂಪಾಯಿಯ ಬಗ್ಗೆ ಇನ್ನೂ ಉತ್ತರ ಬಂದಿಲ್ಲ, ಗ್ರಾಹಕ ಆಯೋಗಕ್ಕೆ ಕೊಡಬೇಕಾದ ಕಾಗದಗಳನ್ನು ಜೋಡಿಸುತ್ತಿದ್ದೇವೆ. ಇದೇ ರೀತಿಯ ಕರಾರಿಗೆ ಸಹಿ ಹಾಕಿರುವ ಮನೆಯವರು ಗಡಿಯ ಈಚೆ ಆಚೆ ಎಲ್ಲಿದ್ದರೂ ನನಗೆ ತಿಳಿಸಿದರೆ, ಒಟ್ಟಾಗಿ ದೂರು ಕೊಡುವ ಬಗ್ಗೆ ನಮ್ಮ ವಕೀಲರೊಂದಿಗೆ ಮಾತನಾಡುತ್ತೇನೆ.