ಎರಡೂವರೆ ವರ್ಷದಿಂದ ಗಿಡದ ಪಕ್ಕದಲ್ಲೇ ನಿಂತಿರುವ ಚಿತ್ರದ ಕಾರ್ಡುಗಳು

ಸೊಪ್ಪು ಕೊಯ್ಯುವ ಬಗೆಯನ್ನು ಚಿತ್ರದಲ್ಲೇ ಕಲಿಸುವ ಈ ಕಾರ್ಡುಗಳನ್ನು ಕೊಂಡು ಎರಡೂವರೆ ವರ್ಷವಾಯಿತು. ಒಟ್ಟು 16 ಕಾರ್ಡು, ಜೊತೆಗೆ ನಾವೇ ಬರೆದುಕೊಳ್ಳಲು 4 ಖಾಲಿ ಕಾರ್ಡು. ನಮ್ಮದು ಹಲವು ಮನೆಯವರು ಸೇರಿ ನೋಡಿಕೊಳ್ಳುವ ತೋಟ. ಯಾರು ಯಾವ ಹೊತ್ತಿಗೆ ಬಂದು ಕೊಯ್ಯುತ್ತಾರೋ ಗೊತ್ತಾಗುವುದಿಲ್ಲ, ಎಲ್ಲರ ಪಕ್ಕದಲ್ಲೂ ನಿಂತು ಹೇಳಿಕೊಡಲು ಆಗುವುದೂ ಇಲ್ಲ. ಅದಕ್ಕೇ ತಂದೆ.

ಕಾಮಕಸ್ತೂರಿಯ ಕಾರ್ಡನ್ನು ಎಷ್ಟು ಹೊಗಳಿದರೂ ಸಾಲದು. ಅದರಲ್ಲಿ ಇಡೀ ಗಿಡದ ಚಿತ್ರವಿಲ್ಲ. ಒಂದೇ ಒಂದು ಕಾಂಡ, ಅದರಲ್ಲೊಂದು ಗೆಣ್ಣು, ಗೆಣ್ಣಿನಲ್ಲಿ ಎದುರುಬದುರಾಗಿ ಎರಡು ಎಲೆ, ಎಲೆಗಳ ಕಂಕುಳಲ್ಲಿ ಪುಟ್ಟ ಚಿಗುರು. ಗೆಣ್ಣಿಗಿಂತ ತುಸು ಮೇಲೆ ಕತ್ತರಿ. ಪಕ್ಕದಲ್ಲಿ ಅದೇ ಕಾಂಡ, ಕೆಲವು ದಿನ ಕಳೆದ ಮೇಲೆ. ಒಂದಿದ್ದ ಕುಡಿ ಎರಡಾಗಿದೆ. ಈ ಎರಡನೇ ಚಿತ್ರದಲ್ಲೇ ಎಲ್ಲ ಇದೆ. ತುದಿಯ ಕುಡಿ ಇರುವ ತನಕ ಕೆಳಗಿನ ಚಿಗುರುಗಳನ್ನು ಅದು ತಡೆದಿಟ್ಟಿರುತ್ತದೆ, ತುದಿ ಚಿವುಟಿದರೆ ಅವು ಹೊರಡುತ್ತವೆ ಎಂದು ನಾನು ಎಷ್ಟೋ ಸಲ ಹೇಳಿದ್ದೆ. ಆದರೂ ಹೊಸಬರು ತುದಿ ಮುಟ್ಟಲು ಹೆದರಿ ಬುಡದ ದೊಡ್ಡ ಎಲೆಗಳನ್ನೇ ಕೀಳುತ್ತಿದ್ದರು. ಗಿಡ ಬೋಳು ಕಾಂಡದ ಮೇಲೆ ಉದ್ದಕ್ಕೆ ಹೋಗಿ ಬೇಗ ಹೂತೆನೆ ಬಿಡುತ್ತಿತ್ತು. ಕಾರ್ಡು ನೆಟ್ಟ ವಾರದಲ್ಲೇ ಒಬ್ಬ ಪುಟ್ಟ ಹುಡುಗಿ ಚಿತ್ರವನ್ನೂ ಗಿಡವನ್ನೂ ಎರಡೆರಡು ಸಲ ನೋಡಿ, ಗೆಣ್ಣಿನ ಮೇಲೆ ಬೆರಳಿಟ್ಟು, "ಇಲ್ಲೇ ಅಲ್ವಾ?" ಎಂದು ಕೇಳಿ ಚಿವುಟಿದಳು. ಅವಳಿಗೆ ಇನ್ನೂ ಓದಲು ಬರುತ್ತಿರಲಿಲ್ಲ.

ಪುದೀನದ ಕಾರ್ಡೂ ಹೀಗೇ ಚೆನ್ನಾಗಿದೆ. ಕೊತ್ತಂಬರಿಯದು ಮಾತ್ರ ತಪ್ಪು. ಕಾಮಕಸ್ತೂರಿಯ ಚಿತ್ರವನ್ನೇ ಎಲೆ ಬದಲಿಸಿ ಇಟ್ಟಂತಿದೆ, ಕತ್ತರಿ ಕಾಂಡದ ನಡುವೆ ಬಂದಿದೆ. ಎಳೆ ಕೊತ್ತಂಬರಿಯಲ್ಲಿ ಹೊಸ ಎಲೆ ಬರುವುದು ಬುಡದ ನಡುವಿನಿಂದ. ಹೊರಸುತ್ತಿನ ದಂಟುಗಳನ್ನು ಬುಡದ ಹತ್ತಿರ ಕತ್ತರಿಸಿ ನಡುವಿನ ಎಳೆಯದನ್ನು ಬಿಡಬೇಕು. ಮೊದಲ ಖಾಲಿ ಕಾರ್ಡು ಇದಕ್ಕೇ ಹೋಯಿತು. ಗಿಡವನ್ನು ಮೇಲಿನಿಂದ ನೋಡಿದಂತೆ ಬರೆದು, ಹೊರಗಿನ ದಂಟುಗಳನ್ನು ತುಂಡುಗೆರೆಯಲ್ಲೂ ನಡುವಿನದನ್ನು ದಪ್ಪ ಗೆರೆಯಲ್ಲೂ ತೋರಿಸಿದೆ. ಪಕ್ಕದಿಂದ ನೋಡಿದ ಚಿತ್ರದಲ್ಲಿ ಒಳಗು ಹೊರಗು ತಿಳಿಯುವುದೇ ಇಲ್ಲ.

ಇನ್ನು ಬಣ್ಣ. ಎಲ್ಲ ಕಾರ್ಡಿನಲ್ಲೂ ಕೊಯ್ಯುವ ಜಾಗಕ್ಕೆ ಹಸಿರು ಕಾಂಡದ ಮೇಲೆ ಕೆಂಪು ಗೆರೆ ಎಳೆದಿದ್ದಾರೆ. ನಮ್ಮ ಭಾವನಿಗೆ ಆ ಗೆರೆ ಕಾಣಲೇ ಇಲ್ಲ. ಕೆಂಪು ಹಸಿರು ಬೇರೆಬೇರೆಯಾಗಿ ಕಾಣದ ತೊಂದರೆ ಗಂಡಸರಲ್ಲಿ ಅಪರೂಪವೇನಲ್ಲ, ಚಿತ್ರ ಬರೆದವರು ಇದನ್ನು ಯೋಚಿಸಬೇಕಿತ್ತು. ಒಂದು ವರ್ಷ ಬಿಸಿಲು ಬಿದ್ದ ಮೇಲೆ ಮೊದಲು ಮಾಸಿದ್ದೂ ಆ ಕೆಂಪೇ. ಗಿಡದ ಕಪ್ಪು ಅಂಚು ಹಾಗೇ ಉಳಿದು, ಎಲ್ಲಿ ಕತ್ತರಿಸಬೇಕೆಂಬುದೇ ಅಳಿಸಿಹೋಯಿತು. ಈಗ 16ಕ್ಕೂ ದಪ್ಪ ಕಪ್ಪು ಮಾರ್ಕರಿನಲ್ಲಿ ಗೆರೆ ತಿದ್ದಿದ್ದೇನೆ.

ಒಂದೇ ಸಲಕ್ಕೆ ಗಿಡದ 1/3 ಭಾಗಕ್ಕಿಂತ ಹೆಚ್ಚು ಕೊಯ್ಯಬೇಡಿ ಎಂಬುದನ್ನು ಅಂಕಿಯಲ್ಲಿ ಬರೆದಿದ್ದಾರೆ. ಅದನ್ನು ಯಾರೂ ನೋಡುವುದಿಲ್ಲ. ಎರಡನೇ ಖಾಲಿ ಕಾರ್ಡಿನಲ್ಲಿ ಗಿಡವನ್ನು ಮೂರು ಪಾಲು ಮಾಡಿ, ಕೆಳಗಿನೆರಡಕ್ಕೆ ಕಪ್ಪು ತುಂಬಿ ಮೇಲಿನದನ್ನು ಖಾಲಿ ಬಿಟ್ಟೆ. ಅದು ಕೆಲಸ ಮಾಡುತ್ತಿದೆ.

ಲ್ಯಾಮಿನೇಷನ್ ಗಟ್ಟಿಯಾಗಿದೆ. ಆದರೆ ಕಡ್ಡಿಗೆ ಕಟ್ಟಲೆಂದು ನಾವು ತೂತು ಹೊಡೆದ ಕಡೆಯೆಲ್ಲ ನೀರು ಇಳಿದು ಕಾಗದ ಉಬ್ಬಿತು. ತೂತು ಹೊಡೆಯಬೇಡಿ, ಕ್ಲಿಪ್ ಹಾಕಿ. ಮೂರನೇ ಖಾಲಿ ಕಾರ್ಡು ಹಾಳಾಗಿದ್ದು ಹೀಗೇ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಮಾರ್ಕರ್ ಹಿಡಿದು ತಿದ್ದಿಕೊಳ್ಳುವ ತಾಳ್ಮೆ ಇದ್ದರೆ ಧಾರಾಳವಾಗಿ ಕೊಳ್ಳಿ.

ಉಳಿದ ಒಂದು ಖಾಲಿ ಕಾರ್ಡು ರೋಸ್‌ಮರಿಗೆ. ಅದರ ಎಲೆಯಿಲ್ಲದ ಹಳೇ ಕಟ್ಟಿಗೆಯಂಥ ಕಾಂಡಕ್ಕೆ ಕತ್ತರಿ ಹಾಕಿದರೆ ಮತ್ತೆ ಚಿಗುರುವುದು ಕಷ್ಟ, ಮೇಲಿನ ಮೆತ್ತನೆ ಹಸಿರು ಕಡ್ಡಿಯನ್ನಷ್ಟೇ ಕೊಯ್ಯಬೇಕು. ಮೆತ್ತಗಿನದು ಎಲ್ಲಿ ಮುಗಿದು ಕಟ್ಟಿಗೆ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಬರೀ ಕಪ್ಪು ಗೆರೆಯಲ್ಲಿ ತೋರಿಸಬೇಕು. ತೊಗಟೆಗೆ ಒರಟು ಗೀರು ಹಾಕಿ ನೋಡುತ್ತಿದ್ದೇನೆ, ಇನ್ನೂ ಸರಿ ಬಂದಿಲ್ಲ.