ಸ್ಟ್ಯಾಂಡ್ ಇರುವ ಸ್ಪ್ರಿಂಗ್ ಜೋಲಿ: ಏಳು ತಿಂಗಳು ತೂಗಿದ ಮೇಲೆ

ಏಳು ತಿಂಗಳು ಮಗುವನ್ನು ತೂಗಿದ ಈ ಜೋಲಿಯ ಬಗ್ಗೆ ಮೊದಲು ಹೇಳಬೇಕಾದದ್ದು ಕರಿ ಪುಡಿಯ ವಿಷಯ. ಸ್ಪ್ರಿಂಗಿನ ಮೇಲ್ತುದಿ ಸ್ಟ್ಯಾಂಡಿನ ಕೊಂಡಿಗೆ ತಿಕ್ಕಿ ತಿಕ್ಕಿ, ಮೂರನೇ ವಾರಕ್ಕೆಲ್ಲ ಬಿಳಿ ಬಟ್ಟೆಯ ಮೇಲೆ ಕಾಡಿಗೆ ಚುಕ್ಕೆ ಬೀಳೋಕೆ ಶುರುವಾಗುತ್ತೆ. ನೋಡಿದವರು ತುಕ್ಕು ಅಂತಾರೆ, ಅಲ್ಲ. ಕಬ್ಬಿಣಕ್ಕೆ ಕಬ್ಬಿಣ ಸವೆದು ಉದುರುವ ಪುಡಿ ಅದು. ಬೀಳೋದು ನೇರವಾಗಿ ಮಗು ಮಲಗುವ ಜಾಗಕ್ಕೆ. ಜೊತೆಗೆ ಪ್ರತಿ ತೂಗಿಗೂ ಒಂದು ಕಿರ್ರ್.

ಕೊಬ್ಬರಿ ಎಣ್ಣೆ ಬಿಟ್ಟರೆ ಎರಡು ದಿನ ಸುಮ್ಮನಿರುತ್ತೆ. ಆಮೇಲೆ ಎಣ್ಣೆಗೆ ಪುಡಿ ಸೇರಿ ಮಸಿಯಾಗಿ ತೊಟ್ಟಿಕ್ಕುತ್ತೆ, ಇನ್ನೂ ಫಜೀತಿ. ಹೊಲಿಗೆ ಮಷಿನ್ ಎಣ್ಣೆಯ ಕಥೆಯೂ ಅಷ್ಟೇ. ಕೆಲಸಕ್ಕೆ ಬಂದದ್ದು ಮೇಣದಬತ್ತಿ. ವಾರಕ್ಕೊಮ್ಮೆ ಸ್ಪ್ರಿಂಗ್ ಬಿಚ್ಚಿ, ಕೊಂಡಿಯನ್ನು ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಒಳಬದಿಗೆ ಮೇಣ ತಿಕ್ಕಬೇಕು. ಅದೇ ಹೊತ್ತಿಗೆ ಕೊಂಡಿಯ ಒಳಗೆ ಉಗುರು ಆಡಿಸಿ ನೋಡಿ. ಉಗುರು ಗೀರಿಗೆ ಸಿಕ್ಕಿಕೊಂಡರೆ ಆ ಕೊಂಡಿಯ ಆಯಸ್ಸು ಮುಗಿದಂತೆ, ಹಾರ್ಡ್‌ವೇರ್ ಅಂಗಡಿಯಿಂದ ಹೊಸದು ತಂದು ಹಾಕಿ. ಜೋಲಿ ಖಾಲಿ ಇದ್ದಾಗ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿರಬೇಕು, ನಡುವೆ ಸಂದು ಕಂಡರೆ ಅದನ್ನೂ ಎಸೆಯಿರಿ. ಸ್ಪ್ರಿಂಗಿನ ಒಳಗೆ ಒಂದು ನೈಲಾನ್ ಹಗ್ಗ ಇರುತ್ತೆ. ಸ್ಪ್ರಿಂಗ್ ತುಂಡಾದರೆ ಮಗುವನ್ನು ಹಿಡಿದು ನಿಲ್ಲಿಸೋದು ಅದೊಂದೇ, ಎಳೆ ಬಿಟ್ಟಿದ್ದರೆ ಆ ದಿನ ಜೋಲಿ ಕಟ್ಟಬೇಡಿ.

ಎರಡೂವರೆ ಸಾವಿರ ತೆಗೆದುಕೊಂಡು ಐವತ್ತು ರೂಪಾಯಿಯ ಒಳ್ಳೆ ಕೊಂಡಿ ಹಾಕೋಕೆ ಏನು ಕಷ್ಟವೋ! ಜೊತೆಗೆ ಬರುವ ಬಟ್ಟೆಯೂ ಸಾಲದು. ಪಾಲಿಯೆಸ್ಟರ್ ಬೆರೆತದ್ದು, ಅರ್ಧ ಗಂಟೆಗೆ ಮಗುವಿನ ಬೆನ್ನು ಬೆವರುತ್ತೆ. ನಾಲ್ಕಾರು ಸಲ ಒಗೆದ ಹತ್ತಿ ಪಂಚೆಯನ್ನು ಜೋಡಿ ಮಡಿಕೆ ಮಾಡಿ ಅಡ್ಡಕೋಲಿಗೆ ಹಾಕಿಕೊಳ್ಳಿ. ಆ ಕೋಲು ಇಲ್ಲದೆ ಮಾತ್ರ ಕಟ್ಟಬಾರದು, ಬಟ್ಟೆಯ ಎರಡು ಅಂಚು ಮಗುವಿನ ಮುಖದ ಮೇಲೆ ಮುಚ್ಚಿಕೊಳ್ಳುತ್ತವೆ.

ಇನ್ನು ತೂಗುವ ಲೆಕ್ಕ. ಸೂರಿನಿಂದ ಎರಡು ಮೀಟರ್ ಇಳಿಬಿಟ್ಟ ಜೋಲಿ ಒಮ್ಮೆ ಹೋಗಿ ಬರೋಕೆ ಸುಮಾರು 2.8 ಸೆಕೆಂಡ್ ಹಿಡಿಯುತ್ತೆ. ಈ ಸ್ಟ್ಯಾಂಡಿನಲ್ಲಿ ಜೋಲಿಯ ಉದ್ದ 1.2 ಮೀಟರ್, ಹಾಗಾಗಿ 2.2 ಸೆಕೆಂಡ್. ಅಜ್ಜಿಮನೆಯ ಜಂತಿಗೆ ಕಟ್ಟಿದ ಜೋಲಿಯ ಆ ನಿಧಾನ ಇಲ್ಲಿ ಸಿಗಲ್ಲ ಅನಿಸೋದು ಇದಕ್ಕೇ. ಜೋರಾಗಿ ನೂಕಿದರೆ ಅಗಲ ಹೆಚ್ಚುತ್ತೆ ಹೊರತು ನಿಧಾನ ಆಗಲ್ಲ, ಒಂದು ಗೇಣಿನಷ್ಟು ಆಡಿದರೆ ಸಾಕು. ಐದು ತಿಂಗಳ ಹೊತ್ತಿಗೆ ಮಗುವಿನ ತೂಕ ಹುಟ್ಟಿದಾಗಿನ ಎರಡರಷ್ಟು ಆಗಿರುತ್ತೆ, ಸ್ಪ್ರಿಂಗೂ ಹೆಚ್ಚುಕಡಿಮೆ ಎರಡರಷ್ಟು ಜಗ್ಗುತ್ತೆ. ನೆಲಕ್ಕೂ ಜೋಲಿಗೂ ಒಂದು ಗೇಣು ಉಳಿದಿದೆಯಾ ಅಂತ ಆಗಾಗ ನೋಡಿಕೊಂಡು ಮೇಲೆ ಎತ್ತಿ ಕಟ್ಟಿ.

ನಿದ್ದೆ ಬರೋದು ಜೋಲಿಯಿಂದಲ್ಲ, ಹೊತ್ತಿನಿಂದ. ಮೂರು ತಿಂಗಳ ಕೂಸು ಎದ್ದು ಒಂದೂವರೆ ಗಂಟೆಗೆ ದಣಿಯುತ್ತೆ, ಆರು ತಿಂಗಳದ್ದು ಎರಡರಿಂದ ಎರಡೂವರೆ ಗಂಟೆಗೆ. ಕಣ್ಣು ಒಂದೇ ಕಡೆ ನೆಟ್ಟಾಗ, ಕಿವಿ ತಿಕ್ಕಿಕೊಂಡಾಗ ಹಾಕಿದರೆ ಐದು ನಿಮಿಷದ ಕೆಲಸ. ಅದು ದಾಟಿ ರಚ್ಚೆ ಹಿಡಿದ ಮೇಲೆ ಅರ್ಧ ಗಂಟೆ ತೂಗಿದರೂ ಜಪ್ಪಯ್ಯ ಅನ್ನಲ್ಲ.

ಮಲಗಿದ ಮೇಲೆ ಜೋಲಿಯಲ್ಲೇ ಬಿಡೋದು ತಪ್ಪು. ಬಟ್ಟೆಯ ಗುಂಡಿಯಲ್ಲಿ ಬೆನ್ನು ಬಾಗಿ ಗದ್ದ ಎದೆಗೆ ಒತ್ತುತ್ತೆ, ಎಳೆಗೂಸಿನ ಉಸಿರಿನ ದಾರಿ ಅಷ್ಟಕ್ಕೇ ಇರುಕಾಗಬಹುದು. ಹತ್ತು ಡಿಗ್ರಿಗಿಂತ ಹೆಚ್ಚು ಓರೆ ಇರುವ ಶಿಶು ಹಾಸಿಗೆಗಳ ಮಾರಾಟವನ್ನು ಅಮೆರಿಕ 2022ರ ಕಾನೂನಿನಲ್ಲಿ ನಿಷೇಧಿಸಿದ್ದೂ ಇಂಥ ಅಪಾಯಕ್ಕೇ. ತೂಗಿ ಹದಿನೈದು ನಿಮಿಷ ಆದ ಮೇಲೆ ಮಗುವಿನ ಕೈಯನ್ನು ಮೆಲ್ಲಗೆ ಎತ್ತಿ ಬಿಡಿ. ಒದ್ದೆ ಬಟ್ಟೆಯಂತೆ ಜೋತುಬಿದ್ದರೆ ಗಾಢ ನಿದ್ದೆ. ತೂಗೋದನ್ನು ಒಮ್ಮೆಲೇ ನಿಲ್ಲಿಸದೆ ಎರಡು ನಿಮಿಷದಲ್ಲಿ ಇಳಿಸುತ್ತಾ ಬನ್ನಿ, ಎದೆಯ ಮೇಲೆ ಅಂಗೈ ಇಡಿ, ಆಮೇಲೆ ಎತ್ತಿ. ಹಾಸಿಗೆಗೆ ಮೊದಲು ಕಾಲು, ಆಮೇಲೆ ಕುಂಡೆ, ಬೆನ್ನು, ಕೊನೆಗೆ ತಲೆ. ತಲೆ ಮೊದಲು ಇಳಿದರೆ ಬೀಳುತ್ತಿದ್ದೇನೆ ಅಂತ ಕೂಸು ಎರಡೂ ಕೈ ಚಾಚಿ ಬೆಚ್ಚುತ್ತೆ, ನಾಲ್ಕು ತಿಂಗಳವರೆಗೆ ಈ ಬೆಚ್ಚುವಿಕೆ ಜೋರು. ಹಾಸಿಗೆ ಗಟ್ಟಿಯಾಗಿರಲಿ, ಅಂಗಾತ ಮಲಗಿಸಿ. ತಲೆ ಗುಂಡಗಾಗಲಿ ಅಂತ ಸಾಸಿವೆ ದಿಂಬು ಹೊಲಿದುಕೊಟ್ಟ ಅತ್ತೆಗೆ ಬೇಜಾರಾದರೂ ಸರಿ, ನಿದ್ದೆಯಲ್ಲಿ ದಿಂಬು ಬೇಡ.

ಇಷ್ಟು ಬೈದರೂ ಹೊರಗೆ ಹೋದಾಗ ಈ ಸ್ಟ್ಯಾಂಡ್ ಮೇಲೆ ಪ್ರೀತಿ ಬರುತ್ತೆ. ಪಿನ್ನು ಎಳೆದರೆ ಪೈಪುಗಳು ಮಡಚಿ ಕಾರಿನ ಡಿಕ್ಕಿಗೆ ಹೋಗುತ್ತವೆ, ಛತ್ರದಲ್ಲಿ ಮೂರು ನಿಮಿಷಕ್ಕೆ ಮತ್ತೆ ನಿಲ್ಲುತ್ತೆ. ಒಂದೇ ಎಚ್ಚರ: ಛತ್ರದ ಗ್ರಾನೈಟ್ ನೆಲದ ಮೇಲೆ ಕಾಲಿನ ರಬ್ಬರ್ ಬುಷ್ ಜಾರುತ್ತೆ, ಕೆಳಗೆ ಜಮಖಾನ ಹಾಸಿ. ಮೈಕಿನ ಕಡೆ ಬೇಡ, ಹೆಣ್ಣಿನವರ ಕೋಣೆಯೇ ಸರಿ. ಮನೆಯ ಪಂಚೆಯನ್ನೇ ಒಗೆಯದೆ ಒಯ್ಯಿರಿ, ಆ ವಾಸನೆಗೇ ಕೂಸು ಅರ್ಧ ಸಮಾಧಾನ ಆಗುತ್ತೆ. ಬೆಳಕು ಜಾಸ್ತಿ ಅಂತ ಮೇಲೆ ಟವೆಲ್ ಮುಚ್ಚಬೇಡಿ, ಒಳಗೆ ಸೆಕೆ ಕೂಡಿಕೊಳ್ಳುತ್ತೆ. ಕಿಟಕಿಗೆ ಶಾಲು ಕಟ್ಟಿದರೆ ಸಾಕು. ದಾರಿಯಲ್ಲಿ ಕಾರ್ ಸೀಟಿನಲ್ಲಿ ನಿದ್ದೆ ಹೋಗಿದ್ದರೆ, ತಲುಪಿದ ಮೇಲೆ ಎದ್ದರೆ ಏಳಲಿ ಅಂತ ಸಮತಟ್ಟು ಜಾಗಕ್ಕೆ ಬದಲಿಸಿ.

ಡಬ್ಬದ ಮೇಲೆ 20 ಕೆಜಿವರೆಗೆ ಅಂತ ಬರೆದಿದ್ದಾರೆ. ಅದು ಪೈಪಿನ ತಾಕತ್ತು, ಮಗುವಿನ ವಯಸ್ಸಲ್ಲ. ಮಗುಚಿಕೊಳ್ಳೋಕೆ ಶುರು ಮಾಡಿದ ದಿನ, ಅಂದರೆ ಬಹಳ ಮಕ್ಕಳಿಗೆ ನಾಲ್ಕರಿಂದ ಆರು ತಿಂಗಳಿಗೆ, ಜೋಲಿಯ ಕಾಲ ಮುಗಿಯಿತು. ನಿಧಾನದ ಮಗುವಾದರೆ ಏಳಕ್ಕೆ. ತಿಂಗಳಿಗೆ ಸುಮಾರು ಮುನ್ನೂರೈವತ್ತು ರೂಪಾಯಿ ಬಾಡಿಗೆ ಕೊಟ್ಟಂತಾಯಿತು ಅನ್ನಿ. ಐದಕ್ಕೆ ಮೂರು ಸ್ಟಾರ್, ಅದರಲ್ಲಿ ಎರಡು ಛತ್ರದ್ದು. ಬಳಸಿದ ಮೇಲೆ ಯಾರಿಗಾದರೂ ದಾಟಿಸುವುದಾದರೆ ಸ್ಟ್ಯಾಂಡ್ ಮಾತ್ರ ಕೊಡಿ. ಸ್ಪ್ರಿಂಗು, ಕೊಂಡಿ, ಹಗ್ಗ ಮೂರನ್ನೂ ಗುಜರಿಗೆ ಹಾಕಿ.